ಶಟಲ್ ಆಡಿ ಬಂದವರ ಚೆಂಡು ಪ್ಯಾಡಲ್‌ನ ಅಂಚಿಗೇ ಏಕೆ ತಗಲುತ್ತದೆ?

ಪ್ರಶ್ನೆ – ಜಯನಗರದ ಶಟಲಿಗ

ಎಲ್ಲರಿಗೂ ನಮಸ್ಕಾರ. ಬಹುಕಾಲ ಬ್ಯಾಡ್ಮಿಂಟನ್ ಆಡಿದ ನಾನು ಈ ವರ್ಷ ಪಿಕಲ್‌ಬಾಲ್‌ಗೆ, ಅಂದರೆ ಹಲಗೆಯಂಥ ಪ್ಯಾಡಲ್‌ನಿಂದ ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡನ್ನು ಹೊಡೆಯುವ ಆಟಕ್ಕೆ, ಬಂದಿದ್ದೇನೆ. ನಿಯಮಗಳಾಗಲಿ, ಕೋರ್ಟಿನಲ್ಲಿ ಎಲ್ಲಿ ನಿಲ್ಲಬೇಕೆಂಬುದಾಗಲಿ ಕಷ್ಟವೆನಿಸಲಿಲ್ಲ. ಆದರೆ ಚೆಂಡು ಪ್ಯಾಡಲ್‌ನ ನಡುವೆ ಮಾತ್ರ ಕೂಡುತ್ತಿಲ್ಲ. ಫೋರ್‌ಹ್ಯಾಂಡ್ ಬೀಸಿದಾಗ ಚೆಂಡು ತುದಿಯ ಅಂಚಿಗೆ ಬಡಿದು ಪಕ್ಕದ ಕೋರ್ಟಿಗೆ ಹಾರುತ್ತದೆ. ಕಿಚನ್ (ನೆಟ್ ಪಕ್ಕದ, ಒಳಗೆ ನಿಂತು ಚೆಂಡನ್ನು ನೆಲ ಮುಟ್ಟುವ ಮೊದಲೇ ಹೊಡೆಯಬಾರದ ಜಾಗ) ಗೆರೆಯ ಬಳಿ ಡಿಂಕ್ (ನೆಟ್‌ನ ಆಚೆಗೆ ಮೆಲ್ಲಗೆ ಇಳಿಸುವ ಹೊಡೆತ) ಮಾಡುವಾಗ ಕೆಳ ಅಂಚಿಗೆ ತಾಗಿ ನೆಟ್‌ಗೆ ಬೀಳುತ್ತದೆ. ಜೊತೆಗಾರರು “ಚೆಂಡನ್ನು ನೋಡಿ ಆಡಿ” ಎಂದು ಹೇಳುತ್ತಲೇ ಇದ್ದಾರೆ, ನಾನು ನೋಡಿಯೇ ಆಡುತ್ತಿದ್ದೇನೆ. ನನ್ನದು ಉದ್ದನೆಯ ಮಾದರಿಯ ಪ್ಯಾಡಲ್, 16 ಮಿ.ಮೀ. ದಪ್ಪದ್ದು. ಅಗಲವಾದದ್ದನ್ನು ಕೊಳ್ಳಲೇ, ತೂಕ ಹೆಚ್ಚಿಸುವ ಟೇಪ್ ಅಂಟಿಸಲೇ, ಅಥವಾ ಹೊಡೆತವನ್ನೇ ತಿದ್ದಿಕೊಳ್ಳಬೇಕೇ?

ಉತ್ತರ – ಸಂಜೆಯ ಕೋರ್ಟ್

ನಿಮ್ಮ ಕಣ್ಣಿನಲ್ಲಿ ದೋಷವಿದೆಯೆಂದು ನನಗೆ ಅನ್ನಿಸುವುದಿಲ್ಲ. ದೋಷವಿರುವುದು ಬಹುಮಟ್ಟಿಗೆ ನೀವು ಚೆಂಡಿನಿಂದ ನಿಲ್ಲುವ ದೂರದಲ್ಲಿ. ಬ್ಯಾಡ್ಮಿಂಟನ್ ರ್ಯಾಕೆಟ್ ಸುಮಾರು 67 ಸೆಂ.ಮೀ. ಉದ್ದವಿದ್ದರೆ ಪ್ಯಾಡಲ್ ಸುಮಾರು 41 ಸೆಂ.ಮೀ. ಮಾತ್ರ, ಅಂದರೆ ಒಂದು ಗೇಣಿಗಿಂತಲೂ ಹೆಚ್ಚು ಗಿಡ್ಡ. ವರ್ಷಗಟ್ಟಲೆ ರ್ಯಾಕೆಟ್ಟಿನ ಅಳತೆಗೆ ಹೆಜ್ಜೆ ನಿಲ್ಲಿಸಿದ ಕಾಲುಗಳು ಈಗಲೂ ಅಷ್ಟೇ ದೂರದಲ್ಲಿ ನಿಲ್ಲುತ್ತವೆ. ಉಳಿದ ಅಂತರವನ್ನು ಕೈ ಚಾಚಿ ತುಂಬಿಕೊಳ್ಳಲು ಹೋದಾಗ ಚೆಂಡಿಗೆ ಸಿಗುವುದು ತುದಿಯೇ ಹೊರತು ನಡುಭಾಗವಲ್ಲ.

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಒಂದು ಬ್ಯಾಡ್ಮಿಂಟನ್ ಕೋರ್ಟಿನ ಮೇಲೆ, ಆದ್ದರಿಂದ ಇಂದಿಗೂ ಪಿಕಲ್‌ಬಾಲ್ ಕೋರ್ಟ್ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ, 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಆಡಿದವರಿಗೆ ಎಲ್ಲವೂ ಪರಿಚಿತವೆನಿಸುವುದು ಇದರಿಂದಲೇ, ಮೋಸಹೋಗುವುದೂ ಇಲ್ಲಿಯೇ. ನಡುವಿನಲ್ಲಿ 5 ಅಡಿ ಇದ್ದ ನೆಟ್ ಇಲ್ಲಿ 34 ಇಂಚಿಗೆ ಇಳಿದಿರುವುದರಿಂದ, ತಲೆಯ ಮೇಲೆ ನಡೆಯುತ್ತಿದ್ದ ಆಟ ಮೊಣಕಾಲಿನ ಮಟ್ಟಕ್ಕೆ ಇಳಿದಿದೆ.

ಒಂದು ಅಭ್ಯಾಸ ಹೇಳುತ್ತೇನೆ. ಪ್ಯಾಡಲ್ ಕೆಳಗಿಟ್ಟು, ಜೊತೆಗಾರರು ಮೆಲ್ಲಗೆ ಎಸೆದ ಚೆಂಡನ್ನು ಒಂದು ಪುಟಿತದ ನಂತರ ಆಡುವ ಕೈಯಿಂದಲೇ, ದೇಹದ ಮುಂದೆ, ಮೊಣಕೈ ಪೂರ್ತಿ ಚಾಚದೆ ಹಿಡಿಯಿರಿ. ಅದು ಸಲೀಸಾದ ಮೇಲೆ ಪ್ಯಾಡಲನ್ನು ಹಿಡಿಕೆಯ ಮೇಲ್ತುದಿಯಲ್ಲಿ, ಹಲಗೆಯ ಬುಡಕ್ಕೆ ತಾಗುವಂತೆ ಹಿಡಿದು ಅದೇ ಚೆಂಡುಗಳನ್ನು ಹಿಂತಿರುಗಿಸಿ, ಆಮೇಲೆ ಕೈಯನ್ನು ನಿಧಾನವಾಗಿ ಮಾಮೂಲಿ ಜಾಗಕ್ಕೆ ಇಳಿಸಿ. ಕಾಲುಗಳಿಗೆ ಹೊಸ ಅಳತೆ ಕಲಿಸಲು ಇದಕ್ಕಿಂತ ನೇರವಾದ ದಾರಿ ನನಗೆ ತಿಳಿದಿಲ್ಲ.

ಉತ್ತರ – ಬೇಸ್‌ಲೈನ್

ದೂರದ ಮಾತನ್ನು ಒಪ್ಪುತ್ತೇನೆ, ಆದರೆ ಡಿಂಕ್‌ನಲ್ಲಿ ಕೆಳ ಅಂಚಿಗೆ ತಾಗುವುದಕ್ಕೆ ಅದೊಂದೇ ಸಾಲದು. ನಿಯಮದ ಪ್ರಕಾರ 78 ಇಂಚು ಎತ್ತರದಿಂದ ಗಟ್ಟಿ ಕಲ್ಲಿನ ಮೇಲೆ ಬಿಟ್ಟ ಚೆಂಡು 30ರಿಂದ 34 ಇಂಚು ಮಾತ್ರ ಪುಟಿಯಬೇಕು. ಅಂದರೆ ಅರ್ಧಕ್ಕೂ ಕಡಿಮೆ. ನೆಟ್‌ನ ಮೇಲೆ ಸ್ವಲ್ಪವೇ ಎತ್ತರದಲ್ಲಿ ಬಂದ ಡಿಂಕ್ ಪುಟಿದು ಮೊಣಕಾಲು ದಾಟುವುದು ಅಪರೂಪ. ಶಟಲ್ ನೆಲಕ್ಕೆ ಬೀಳುವ ಮೊದಲೇ ಆಡಿ ರೂಢಿಯಾದವರು ಈ ಪುಟಿತ ಇನ್ನೂ ಮೇಲೇಳುತ್ತದೆಂದು ನಿರೀಕ್ಷಿಸಿ ಪ್ಯಾಡಲನ್ನು ಎತ್ತರದಲ್ಲೇ ಇಟ್ಟಿರುತ್ತಾರೆ, ಚೆಂಡು ಅದರ ಕೆಳಗಿನಿಂದ ಬರುತ್ತದೆ. ಸೊಂಟ ಬಗ್ಗಿಸುವುದಲ್ಲ, ಮೊಣಕಾಲು ಮಡಿಸಿ ಪ್ಯಾಡಲನ್ನು ಚೆಂಡಿಗಿಂತ ಮೊದಲೇ ಕೆಳಗಿಳಿಸಬೇಕು. ಮೊಣಕಾಲು ಒಪ್ಪದಿದ್ದರೆ ಚೆಂಡು ನೆಲ ಮುಟ್ಟುವ ಮೊದಲೇ ಗೆರೆಯ ಹೊರಗೆ ನಿಂತು ವಾಲಿ ಮಾಡುವುದು ಮೇಲು.

ಇನ್ನೊಂದು ಮಣಿಕಟ್ಟಿನ ವಿಷಯ. 80–90 ಗ್ರಾಂ ತೂಕದ ರ್ಯಾಕೆಟ್ಟನ್ನು ಕೊನೆಯ ಕ್ಷಣದಲ್ಲಿ ಬೆರಳು, ಮಣಿಕಟ್ಟುಗಳಿಂದ ಝಾಡಿಸುವುದು ಶಟಲ್‌ನ ಸೊಗಸು, ಅದನ್ನು ಕಲಿಯಲು ನೀವೂ ಬಹಳ ಬೆವರು ಸುರಿಸಿರುತ್ತೀರಿ. ಸುಮಾರು 230 ಗ್ರಾಂ ತೂಗುವ ಪ್ಯಾಡಲನ್ನು ಹಾಗೆ ಝಾಡಿಸಿದರೆ ಅದರ ಮುಖ ತಡವಾಗಿ ತಿರುಗುತ್ತದೆ. ಡಿಂಕ್ ಮತ್ತು ವಾಲಿಗಳಲ್ಲಿ ಮಣಿಕಟ್ಟನ್ನು ಸ್ಥಿರವಾಗಿಟ್ಟು, ಭುಜದಿಂದ ತಳ್ಳಿದಂತೆ, ಹಿಂದಕ್ಕೆ ಎಳೆಯದೆ ಆಡಿರಿ. ಹಿಡಿತ ಸಡಿಲವಾಗಿರಲಿ.

“ನೋಡಿ ಆಡಿ” ಎಂಬ ಉಪದೇಶ ನನಗೂ ಅಷ್ಟಾಗಿ ಹಿಡಿಸದು. ಚೆಂಡು ಪ್ಯಾಡಲ್‌ಗೆ ತಗಲುವ ಕ್ಷಣವನ್ನು ಕಣ್ಣು ಹೇಗೂ ಸರಿಯಾಗಿ ಹಿಡಿಯಲಾರದು. ನಮ್ಮ ಕೈಯಲ್ಲಿರುವುದು ಹೊಡೆತ ಎಲ್ಲಿಗೆ ಹೋಯಿತೆಂದು ನೋಡಲು ತಲೆಯನ್ನು ಬೇಗ ಎತ್ತದಿರುವುದು ಮಾತ್ರ. ತಲೆ ಎದ್ದರೆ ಭುಜ ಏಳುತ್ತದೆ, ಭುಜದೊಡನೆ ಪ್ಯಾಡಲ್ ಕೂಡ.

ಉತ್ತರ – ಟೇಪ್ ಮತ್ತು ಗ್ರಿಪ್

ಸಾಮಗ್ರಿಯ ಕುರಿತು ಚಿಕ್ಕದಾಗಿ. ಪ್ಯಾಡಲ್‌ನ ಉದ್ದ ಮತ್ತು ಅಗಲ ಸೇರಿ 24 ಇಂಚು ಮೀರುವಂತಿಲ್ಲ. ಆದ್ದರಿಂದ ಆ ಮಿತಿಯವರೆಗೂ ಮಾಡಿದ ಉದ್ದನೆಯ ಮಾದರಿ ತನ್ನ ಹೆಚ್ಚುವರಿ ಅರ್ಧ ಇಂಚನ್ನು ಅಗಲದಿಂದಲೇ ಕಳೆದುಕೊಂಡಿರುತ್ತದೆ. 16 ಇಂಚು ಉದ್ದ, 8 ಇಂಚು ಅಗಲದ ಮಾದರಿ ನಿಮ್ಮಂಥವರಿಗೆ ಹೆಚ್ಚು ಕ್ಷಮಾಶೀಲ. ಕೊಳ್ಳುವ ಮೊದಲು ಯಾರದಾದರೂ ಎರವಲು ಪಡೆದು ಆಡಿ ನೋಡಿ. ಟೇಪನ್ನು ಎರಡೂ ಬದಿಯ ನಡುಭಾಗಕ್ಕೆ ಅಂಟಿಸಿದರೆ, ನಡು ತಪ್ಪಿದ ಹೊಡೆತದಲ್ಲಿ ಪ್ಯಾಡಲ್ ಕೈಯಲ್ಲಿ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ಟೇಪ್ ತಪ್ಪಿನ ದಂಡವನ್ನು ತಗ್ಗಿಸುತ್ತದೆಯೇ ಹೊರತು ತಪ್ಪನ್ನಲ್ಲ, ಅಂಚಿಗೇ ಬಡಿದ ಚೆಂಡನ್ನು ಯಾವ ಟೇಪೂ ಉಳಿಸದು. 16 ಮಿ.ಮೀ. ದಪ್ಪ ಸರಿಯಾಗಿಯೇ ಇದೆ, ಅದನ್ನು ಬದಲಿಸಬೇಡಿ. ಚೆಂಡನ್ನೂ ಪರೀಕ್ಷಿಸಿ: ಕೂದಲೆಳೆಯ ಬಿರುಕಿದ್ದರೂ ಪುಟಿತ ಅಡ್ಡಾದಿಡ್ಡಿಯಾಗುತ್ತದೆ.

ಮರುಪ್ರಶ್ನೆ – ಜಯನಗರದ ಶಟಲಿಗ

ಎಲ್ಲರಿಗೂ ಧನ್ಯವಾದಗಳು. ಮೊಬೈಲನ್ನು ಹಿಂದಿನ ಜಾಲರಿಗೆ ಕಟ್ಟಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದೆ: ಫೋರ್‌ಹ್ಯಾಂಡ್‌ನಲ್ಲಿ ಮೊಣಕೈ ಪೂರ್ತಿ ಚಾಚಿಯೇ ಇರುತ್ತದೆ, ದೂರದ ಮಾತು ನಿಜ. ಬ್ಯಾಕ್‌ಹ್ಯಾಂಡ್ ವಾಲಿಯಲ್ಲಿ ಮಾತ್ರ ಬೇರೆ ತೊಂದರೆ ಕಂಡಿತು. ಚೆಂಡು ಬಂದಾಗ ನನ್ನ ಹೆಬ್ಬೆರಳು ಇನ್ನೂ ಹಿಡಿಕೆಯ ಹಿಂಬದಿಗೆ ಸರಿಯುತ್ತಿರುತ್ತದೆ. ಶಟಲ್‌ನಂತೆ ಗ್ರಿಪ್ ಬದಲಿಸುವುದನ್ನು ಬಿಡಬೇಕೇ?

ಉತ್ತರ – ಬೇಸ್‌ಲೈನ್

ಕಿಚನ್ ಗೆರೆಯ ಬಳಿ ಬಿಡುವುದೇ ಸರಿ. ಎರಡೂ ಕಡೆಯ ಗೆರೆಗಳ ನಡುವೆ ಇರುವುದು ಕೇವಲ 14 ಅಡಿ, ವೇಗವಾಗಿ ಬಂದ ಚೆಂಡು ಗ್ರಿಪ್ ಬದಲಿಸಲು ಸಮಯ ಕೊಡುವುದಿಲ್ಲ. ಸುತ್ತಿಗೆ ಹಿಡಿದಂತೆ ಕಾಂಟಿನೆಂಟಲ್ ಗ್ರಿಪ್ ಹಿಡಿದು, ಪ್ಯಾಡಲನ್ನು ಎದೆಯ ಮುಂದೆ ಬ್ಯಾಕ್‌ಹ್ಯಾಂಡ್ ಕಡೆಗೆ ತುಸು ತಿರುಗಿಸಿ ಕಾಯಿರಿ. ದೇಹಕ್ಕೆ ನೇರವಾಗಿ ಬಂದ ಚೆಂಡನ್ನೂ ಬ್ಯಾಕ್‌ಹ್ಯಾಂಡ್‌ನಲ್ಲೇ ತಡೆಯಬಹುದು. ಹಿಂದೆ ಬೇಸ್‌ಲೈನ್ ಬಳಿ ಸಮಯವಿರುತ್ತದೆ, ಅಲ್ಲಿ ಬೇಕಿದ್ದರೆ ಹೆಬ್ಬೆರಳನ್ನು ಹಿಂದಿಟ್ಟು ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.