ಪದಚರ್ಚೆ: ಗುತ್ತಿಗೆದಾರರ 'ಬಾಂಡ್' ಮತ್ತು 'ಪ್ರೈವೇಟ್ ಸ್ಟ್ರೀಟ್' – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಹೊಸ ಬಡಾವಣೆಗಳಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಕ್ಕಳ ಜೊತೆ ಇರೋಕೆ ಬಂದ ಅಪ್ಪ ಅಮ್ಮಂದಿರೂ ಓದಿ ತಿಳಿದುಕೊಳ್ಳುವಂತಿರಬೇಕು. ನಗರಾಡಳಿತದ ನಿಯಮಗಳ ಭಾಗದಲ್ಲಿ ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ಬಾಂಡ್. ಹಾಗೇ ಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ನಮ್ಮಲ್ಲಿ ಬಾಂಡ್ ಅಂದರೆ ಒಬ್ಬರಿಗೆ ಛಾಪಾ ಕಾಗದ ನೆನಪಾಗುತ್ತೆ, ಇನ್ನೊಬ್ಬರಿಗೆ ಎಲ್‌ಐಸಿ ಪಾಲಿಸಿ ಪತ್ರ. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆ ಬಂದ ಮೇಲಂತೂ, ಹೆಣ್ಣುಮಗುವಿಗೆ 18 ತುಂಬಿದಾಗ ದುಡ್ಡು ತರುವ ಕಾಗದವೇ ಬಾಂಡ್ ಅನ್ನುವ ಅರ್ಥ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿದೆ. ಇಲ್ಲಿನ ಬಾಂಡ್ ಇವು ಯಾವುದೂ ಅಲ್ಲ.

ಬಿಲ್ಡರ್ ಬಡಾವಣೆ ಮಾಡುವಾಗ ರಸ್ತೆ, ಚರಂಡಿ, ಬೀದಿದೀಪ ಎಲ್ಲ ಮುಗಿಸಿಕೊಡ್ತೀನಿ ಅಂತ ನಗರಕ್ಕೆ ಒಪ್ಪಂದ ಬರೆದುಕೊಡುತ್ತಾನೆ. ಆ ಮಾತಿಗೆ ಒಂದು ಕಂಪನಿ ಬೆನ್ನಿಗೆ ನಿಲ್ಲುತ್ತೆ. ಅವನು ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ ಆ ಕಂಪನಿ ಕೆಲಸ ಮುಗಿಸಿಕೊಡಬೇಕು, ಇಲ್ಲಾ ದುಡ್ಡು ಕಟ್ಟಬೇಕು. ಆಮೇಲೆ ಅಷ್ಟನ್ನೂ ಬಿಲ್ಡರ್‌ನಿಂದಲೇ ವಸೂಲಿ ಮಾಡುತ್ತೆ. ರಾಜ್ಯದ ಕಾನೂನಿನ ಪ್ರಕಾರ ಈ ಬಾಂಡ್ ಕೆಲಸದ ಅಂದಾಜು ವೆಚ್ಚದ ಶೇಕಡಾ 50ರಿಂದ 100ರಷ್ಟು ಇರಬೇಕು. ಕೂಲಿಯವರಿಗೂ ಸಾಮಾನು ಕೊಟ್ಟವರಿಗೂ ಬಾಕಿ ಉಳಿಯಬಾರದು ಅಂತ ಅಷ್ಟೇ ಪ್ರಮಾಣದ ಇನ್ನೊಂದಿದೆ. ಕೆಲಸ ಮುಗಿದ ಮೇಲೆ ಒಂದು ವರ್ಷದ ರಿಪೇರಿಗೆ ಮಗದೊಂದು. ಇವಲ್ಲದೆ, ಮನೆ ರಿಪೇರಿಗೆ ಬರುವ ಲೈಸೆನ್ಸ್ ಇರೋ ಗುತ್ತಿಗೆದಾರನೂ ಒಂದು ಬಾಂಡ್ ಇಟ್ಟಿರಬೇಕು. ಅದು 2023ರಿಂದ 25,000 ಡಾಲರ್.

ನಮ್ಮ ಟೆಂಡರ್ ಭಾಷೆಯಲ್ಲಿ ಓಡಾಡುವ 'ಭದ್ರತಾ ಠೇವಣಿ'ಯನ್ನೇ ಹಾಕಿ ಅಂತ ಸಲಹೆ ಬಂತು. ನಾನು ಒಪ್ಪಲ್ಲ. ಠೇವಣಿ ಅಂದರೆ ಗುತ್ತಿಗೆದಾರ ತನ್ನ ದುಡ್ಡನ್ನೇ ಇಟ್ಟಿದ್ದಾನೆ, ಕೆಲಸ ಆದ ಮೇಲೆ ವಾಪಸ್ ತಗೊಳ್ತಾನೆ ಅಂತಾಗುತ್ತೆ. ಇಲ್ಲಿ ನಗರದ ಖಜಾನೆಗೆ ಒಂದು ಪೈಸೆಯೂ ಬಂದಿರೋಲ್ಲ. 'ವಿಮೆ'ಯೂ ಸರಿಯಲ್ಲ, ವಿಮೆ ಕಂಪನಿ ಪರಿಹಾರ ಕೊಟ್ಟು ವಿಮೆ ಮಾಡಿಸಿದವನಿಂದಲೇ ಅದನ್ನು ವಸೂಲಿ ಮಾಡಲ್ಲ. 'ಮುಚ್ಚಳಿಕೆ'ಯಲ್ಲಿ ಬರೆದುಕೊಡುವವನು, ಬರೆಸಿಕೊಳ್ಳುವವನು ಇಬ್ಬರೇ. ಅದೂ ಅಲ್ಲದೆ ಪೊಲೀಸ್ ಸ್ಟೇಷನ್ ಕಣ್ಮುಂದೆ ಬರುತ್ತೆ.

ನನಗೆ ಸರಿ ಕಾಣೋದು 'ಜಾಮೀನು'. ಸೊಸೈಟಿಯಲ್ಲಿ ಸಾಲ ತಗೊಳ್ಳುವಾಗ ಪಕ್ಕದ ಮನೆಯವರು ಬಂದು ಜಾಮೀನು ಹಾಕ್ತಾರಲ್ಲ, ವ್ಯವಹಾರ ಪೂರ್ತಿ ಅದೇ. ಮೂರು ಜನ, ಒಂದು ಮಾತು. 1872ರ ಭಾರತೀಯ ಕರಾರು ಕಾಯ್ದೆಯ 126ನೇ ಸೆಕ್ಷನ್ ಕೂಡ ಈ ಮೂವರನ್ನೇ ಹೇಳುತ್ತೆ. ಹಾಗಾಗಿ ಸದ್ಯಕ್ಕೆ 'ಕೆಲಸದ ಜಾಮೀನು', 'ಕೂಲಿ–ಸಾಮಾನಿನ ಜಾಮೀನು', 'ರಿಪೇರಿ ಜಾಮೀನು' ಅಂತ ಬರೆದಿಟ್ಟಿದ್ದೇನೆ. ಆದರೆ ಪೇಪರ್ ಓದುವವರಿಗೆ ಜಾಮೀನು ಅಂದರೆ ಜೈಲಿಂದ ಹೊರಗೆ ಬರೋದು! ಇದೊಂದು ತೊಡಕು.

ಗೆಳೆಯರೊಬ್ಬರು 'ಹೊಣೆಪತ್ರ' ಅಂದರು. ಕೇಳೋಕೆ ಚೆಂದ, ಹಳಗನ್ನಡದ 'ಪೊಣೆ'ಗೆ ಜಾಮೀನು ಅನ್ನುವ ಅರ್ಥವೂ ಇತ್ತು. ಆದರೆ ಇವತ್ತು ಹೊಣೆ ಅಂದರೆ ಬರೀ ಜವಾಬ್ದಾರಿ. ಬಿಲ್ಡರ್ ಜವಾಬ್ದಾರಿ ಹೊತ್ತಿದ್ದಾನೆ ಅಂತ ಓದಿಕೊಂಡರೆ ಹಿಂದೆ ನಿಂತ ಕಂಪನಿಯೇ ಮಾಯ. ಭಾರತದಲ್ಲೂ ಬ್ಯಾಂಕ್ ಗ್ಯಾರಂಟಿಯ ಬದಲು ವಿಮಾ ಕಂಪನಿಗಳು ಇಂಥ ಬಾಂಡ್ ಕೊಡೋಕೆ 2022ರ ಏಪ್ರಿಲ್‌ನಿಂದ ಅವಕಾಶ ಇದೆ. ಗುತ್ತಿಗೆ ಕೆಲಸದಲ್ಲಿ ಇರುವವರು ಬಾಯಲ್ಲಿ ಇದನ್ನು ಏನಂತ ಕರೀತಾರೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ಇನ್ನು ಪ್ರೈವೇಟ್ ಸ್ಟ್ರೀಟ್. 'ಖಾಸಗಿ ರಸ್ತೆ' ಅಂದ ಕೂಡಲೇ ಗೇಟು, ವಾಚ್‌ಮನ್, ಹೊರಗಿನವರಿಗೆ ಪ್ರವೇಶವಿಲ್ಲ ಅನ್ನೋ ಬೋರ್ಡು ಕಣ್ಣಿಗೆ ಬರುತ್ತೆ. ಕೊಳ್ಳುವವರಿಗೆ ಮುಖ್ಯವಾದದ್ದು ಅದಲ್ಲ, ಗುಂಡಿ ಬಿದ್ದರೆ ಮುಚ್ಚೋರು ಯಾರು ಅನ್ನೋದು. ಕರ್ನಾಟಕದಲ್ಲಿ ಮಂಜೂರಾದ ಬಡಾವಣೆಯ ರಸ್ತೆಯನ್ನು ಪರಿತ್ಯಾಜನಾ ಪತ್ರ ಬರೆದು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡೋ ಪದ್ಧತಿ ಇದೆ. ಹಾಗಾಗಿ ನಮ್ಮವರು ಇಲ್ಲೂ ಇವತ್ತಲ್ಲ ನಾಳೆ ನಗರದವರು ವಹಿಸಿಕೊಳ್ತಾರೆ ಅಂದುಕೊಳ್ತಾರೆ. ಪ್ರೈವೇಟ್ ಸ್ಟ್ರೀಟ್ ಹಾಗಲ್ಲ. ಡಾಂಬರು, ದೀಪ, ಚರಂಡಿ ಎಲ್ಲ ಮನೆಮಾಲೀಕರ ಸಂಘದ ತಲೆ ಮೇಲೆ, ಅಂದರೆ ತಿಂಗಳ ಚಂದಾದಲ್ಲಿ. ಸ್ವಂತದ್ದು ಅಂತ ಇಷ್ಟ ಬಂದ ಅಳತೆಗೆ ಮಾಡೋ ಹಾಗೂ ಇಲ್ಲ. ಅಗ್ನಿಶಾಮಕ ವಾಹನಕ್ಕೆ ಅಡ್ಡಿಯಿಲ್ಲದ 20 ಅಡಿ ಅಗಲ ಇರಬೇಕು. ಕೊನೆ ಮುಚ್ಚಿದ ರಸ್ತೆ 150 ಅಡಿಗಿಂತ ಉದ್ದವಾದರೆ ಆ ವಾಹನ ತಿರುಗೋಕೆ ಜಾಗ ಬಿಡಬೇಕು.

'ಸಂಘದ ರಸ್ತೆ' ಅನ್ನೋಣ ಅನ್ನಿಸುತ್ತಿದೆ. ಯಾರದ್ದು, ಖರ್ಚು ಯಾರದ್ದು, ಎರಡೂ ಅದರಲ್ಲೇ ಬಂತು. ಕರ್ನಾಟಕದ 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲಿ 'ಪ್ರೈವೇಟ್ ಸ್ಟ್ರೀಟ್' ಅನ್ನೋ ಇಂಗ್ಲಿಷ್ ಪದಕ್ಕೆ ವ್ಯಾಖ್ಯೆ ಇದೆ. ಪಾಲಿಕೆ ಕಚೇರಿಗಳಲ್ಲಿ ಕೆಲಸ ಮಾಡಿದವರು ಅದನ್ನು ಕನ್ನಡ ಟಿಪ್ಪಣಿಗಳಲ್ಲಿ ಹೇಗೆ ಬರೀತಿದ್ದಿರಿ? ಪಂಚಾಯಿತಿ ರಸ್ತೆ ಅಲ್ಲದ, ನಾಲ್ಕಾರು ಮನೆಯವರು ಸೇರಿ ನೋಡಿಕೊಳ್ಳೋ ದಾರಿಗೆ ಮಂಗಳೂರು, ಧಾರವಾಡ, ಮಲೆನಾಡಿನ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಬಳಕೆಯ ಒಂದು ವಾಕ್ಯ ಸಹಿತ ಬರೆದರೆ ತುಂಬಾ ಉಪಕಾರ.