ವಿಂಗಡಣೆ ಬೆಲ್ಟ್ ಮೇಲೆ ಸೂಜಿ, ಬ್ಯಾಟರಿ, ಎಣ್ಣೆ ಡಬ್ಬಿ ಬರುತ್ತಿವೆ: ಏನು ವ್ಯವಸ್ಥೆ ಮಾಡಿಕೊಳ್ಳಬೇಕು?

ಪ್ರಶ್ನೆ: ಒಣಕಸ ಘಟಕದ ಮೇಲ್ವಿಚಾರಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಹೊರವಲಯದ ಒಂದು ಒಣಕಸ ವಿಂಗಡಣಾ ಘಟಕದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೇನೆ. ಮೊದಲು ನೆಲದ ಮೇಲೆ ರಾಶಿ ಹಾಕಿಕೊಂಡು, ಕುಳಿತು ಆರಿಸುತ್ತಿದ್ದೆವು. ಈಗ ಬೆಲ್ಟ್ ಬಂದಿದೆ. ಅದರ ಎರಡೂ ಬದಿಯಲ್ಲಿ ಹೆಣ್ಣುಮಕ್ಕಳು ನಿಂತು ಹಾಲಿನ ಪಾಕೀಟು, ಗಟ್ಟಿ ಪ್ಲಾಸ್ಟಿಕ್, ರಟ್ಟು, ತಗಡು ಎಂದು ಬೇರೆ ಬೇರೆ ಚೀಲಗಳಿಗೆ ಹಾಕುತ್ತಾರೆ. ಕೆಲಸ ಬೇಗ ಸಾಗುತ್ತದೆ ಎಂಬುದು ನಿಜ, ಆದರೆ ಕೈ ಹಾಕುವ ಮೊದಲು ಕಣ್ಣು ಹಾಯಿಸಲು ಮೊದಲಿದ್ದ ಬಿಡುವು ಈಗ ಇಲ್ಲ.

ನಮಗೆ ಬರುವುದು ಹೆಸರಿಗಷ್ಟೇ ಒಣಕಸ. ಇನ್ಸುಲಿನ್ ಸೂಜಿ, ಅರ್ಧ ಉಳಿದ ಸಿರಪ್ ಬಾಟಲಿ, ಉಬ್ಬಿದ ಮೊಬೈಲ್ ಬ್ಯಾಟರಿ, ಟ್ಯೂಬ್‌ಲೈಟ್, ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ಎಲ್ಲವೂ ಅದರಲ್ಲಿರುತ್ತವೆ. ಹಳ್ಳಿ ಕಡೆಯ ಗಾಡಿ ಬಂದ ದಿನ ಹೊಲಕ್ಕೆ ಹೊಡೆದ ಎಣ್ಣೆಯ (ಕೀಟನಾಶಕದ) ಡಬ್ಬಿಗಳೂ ಸೇರಿಕೊಳ್ಳುತ್ತವೆ. ದಪ್ಪನೆಯ ರಬ್ಬರ್ ಕೈಗವಸು ಕೊಟ್ಟಿದ್ದೇವೆ, ಆದರೆ ಮಧ್ಯಾಹ್ನದ ಹೊತ್ತಿಗೆ ಅವು ಕೈಯಲ್ಲಿರುವುದಿಲ್ಲ. ಕೇಳಿದರೆ, "ಗ್ಲೌಸ್ ಹಾಕ್ಕೊಂಡ್ರ ಯಾವ ಕವರ್ ಎಂಥಾದ್ದು ಅಂತ ಕೈಗೆ ತಿಳಿಯಂಗಿಲ್ರೀ ಅಕ್ಕಾರ" ಎನ್ನುತ್ತಾರೆ. ಅದು ಸುಳ್ಳಲ್ಲ. ಅವರು ಪ್ಲಾಸ್ಟಿಕ್ ಹಾಳೆಯನ್ನು ಬೆರಳಲ್ಲಿ ಹೊಸಕಿ, ಚರಚರ ಸದ್ದು ಕೇಳಿಯೇ ಅದರ ಜಾತಿ ಹೇಳಿಬಿಡುತ್ತಾರೆ.

ಇನ್ನೊಂದು ವಿಷಯವಿದೆ. ಒಳಗೆ ದ್ರವ ಉಳಿದ ಬಾಟಲಿಯನ್ನು ಖರೀದಿದಾರರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಎಲ್ಲ ಬಾಟಲಿಗಳಲ್ಲಿ ಉಳಿದದ್ದನ್ನು ಒಂದೇ ಡ್ರಮ್ಮಿಗೆ ಸುರಿದು ಬಾಟಲಿ ಖಾಲಿ ಮಾಡುವ ಪದ್ಧತಿ ಇಲ್ಲಿ ನಡೆದುಕೊಂಡು ಬಂದಿದೆ. ಆ ಡ್ರಮ್ಮಿನ ಹತ್ತಿರ ಹೋದರೆ ಕಣ್ಣು ಉರಿಯುತ್ತದೆ. ಇದನ್ನು ಮುಂದುವರಿಸಬಹುದೇ? ಕಡಿಮೆ ಖರ್ಚಿನಲ್ಲಿ ಮೊದಲು ಏನನ್ನು ಸರಿಪಡಿಸಬೇಕು ಎಂದು ಅನುಭವವಿರುವವರು ದಯವಿಟ್ಟು ತಿಳಿಸಿರಿ.

ಉತ್ತರ 1: ಕಾರ್ಖಾನೆ ಸುರಕ್ಷತಾ ಸಿಬ್ಬಂದಿ, ತಾರಿಹಾಳ

ಮೇಡಮ್, ಮೊದಲು ಆ ಡ್ರಮ್ಮಿನ ವಿಷಯ. ಅದನ್ನು ಇಂದೇ ನಿಲ್ಲಿಸಿರಿ. ಟಾಯ್ಲೆಟ್ ತೊಳೆಯುವ ದ್ರವದಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಬಟ್ಟೆ ಬಿಳುಪಾಗಿಸುವ ದ್ರವದಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ನಿಮ್ಮವರ ಕಣ್ಣು ಉರಿಯುವುದಕ್ಕೆ ಇದೇ ಕಾರಣವಾಗಿರಬಹುದು. ಕ್ಲೋರಿನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಬಗ್ಗಿ ಸುರಿಯುವವರ ಮುಖಕ್ಕೇ ಅದು ಮೊದಲು ತಾಗುತ್ತದೆ. ಈಗಿರುವ ಡ್ರಮ್ಮನ್ನು ಅಲುಗಾಡಿಸದೆ, ಮುಚ್ಚಳವನ್ನು ಬಿಗಿಯಾಗಿ ತಿರುಪದೆ, ಗಾಳಿಯಾಡುವ ನೆರಳಿನಲ್ಲಿ ಜನರಿಂದ ದೂರ ಇರಿಸಿ. ಅದಕ್ಕೆ ನೀರನ್ನಾಗಲಿ, ಸುಣ್ಣವನ್ನಾಗಲಿ ಸೇರಿಸಲು ಹೋಗಬೇಡಿ. ಇನ್ನು ಮುಂದೆ ದ್ರವ ಉಳಿದ ಬಾಟಲಿಗೆ ಮುಚ್ಚಳ ಹಾಕಿ, ಹಾಗೆಯೇ ನೆಟ್ಟಗೆ ಒಂದು ಕ್ರೇಟಿನಲ್ಲಿ ನಿಲ್ಲಿಸಿರಿ. ಬಾಟಲಿಯ ಬೆಲೆ ಹೋದರೆ ಹೋಗಲಿ.

ಇನ್ನು ಬೆಲ್ಟ್. ಎಲ್ಲರೂ ಮಾತು ಶುರುಮಾಡುವುದು ಕೈಗವಸಿನಿಂದ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಮಾತು. ಗಾಡಿ ಕಸ ಸುರಿಯುವ ಜಾಗದಲ್ಲಿಯೇ ಒಂದು ಸುತ್ತು ನೋಡುವ ಏರ್ಪಾಡು ಇರಬೇಕು. ಗಂಟು ಹಾಕಿದ ಚೀಲಗಳನ್ನು ಅಲ್ಲಿಯೇ, ಕೈ ಒಳಗೆ ಹಾಕದೆ, ಉದ್ದ ಹಿಡಿಕೆಯ ಕೊಕ್ಕೆಯಿಂದ ಹರಿದು ನೆಲದ ಮೇಲೆ ಹರಡಬೇಕು. ಟ್ಯೂಬ್‌ಲೈಟ್, ಎಣ್ಣೆ ಡಬ್ಬಿ, ಸ್ಪ್ರೇ ಡಬ್ಬಿ, ಚಿಕ್ಕ ಗ್ಯಾಸ್ ಸಿಲಿಂಡರ್, ವಾಹನದ ಬ್ಯಾಟರಿ ಇಂಥ ಕಣ್ಣಿಗೆ ಕಾಣುವ ದೊಡ್ಡ ವಸ್ತುಗಳು ಬೆಲ್ಟ್ ಏರಲೇಬಾರದು. ಅವುಗಳಲ್ಲಿ ಯಾವುದಾದರೂ ಒಂದು ತಪ್ಪಿಸಿಕೊಂಡು, ವಿಂಗಡಿಸಿದ ಕಸವನ್ನು ಒತ್ತಿ ಕಟ್ಟುವ ಬೇಲಿಂಗ್ ಯಂತ್ರದವರೆಗೆ ಹೋದರೆ ಒತ್ತಡಕ್ಕೆ ಸಿಕ್ಕು ಸಿಡಿಯಬಹುದು.

ಬೆಲ್ಟಿನ ಮೇಲೆ ಕಸ ಒಂದೇ ಪದರವಾಗಿ ಹರಡಿರಬೇಕು. ಕೆಳಗಿನದು ಕಾಣದಷ್ಟು ದಪ್ಪವಾಗಿ ಬಂದರೆ ಹೆಣ್ಣುಮಕ್ಕಳು ಕೆದಕುತ್ತಾರೆ, ಮತ್ತು ಕೆದಕುವ ಕೈಗೇ ಸೂಜಿ ಚುಚ್ಚುತ್ತದೆ. ಆದ್ದರಿಂದ ವೇಗವನ್ನು ಯಂತ್ರದ ಸಾಮರ್ಥ್ಯ ನೋಡಿ ನಿಗದಿ ಮಾಡದೆ, ಸಾಲಿನಲ್ಲಿ ನಿಂತಿರುವ ಹೊಸಬರ ಕಣ್ಣಿಗೆ ಎಷ್ಟು ನಿಲುಕುತ್ತದೆ ಎಂಬುದನ್ನು ನೋಡಿ ನಿಗದಿ ಮಾಡಿರಿ. ಬೆಲ್ಟಿನ ಆರಂಭದ ಜಾಗದಲ್ಲಿ ನಿಲ್ಲುವವರಿಗೆ ಅಪಾಯದ ವಸ್ತುಗಳನ್ನು ತೆಗೆಯುವುದನ್ನು ಬಿಟ್ಟು ಬೇರೆ ಕೆಲಸ ಕೊಡಬೇಡಿ. ಅವರ ಕೈಯಲ್ಲಿ ಉದ್ದನೆಯ ಇಕ್ಕಳ ಇರಲಿ, ಡಬ್ಬಗಳು ಅವರ ಪಕ್ಕದಲ್ಲೇ ಸೊಂಟದ ಎತ್ತರಕ್ಕಿರಲಿ. ಸೂಜಿ ಹಿಡಿದ ಇಕ್ಕಳ ಮತ್ತೊಬ್ಬರ ಕೈಯ ಮುಂದೆ ದಾಟಿ ಹೋಗುವಂತಿರಬಾರದು. ಕಣ್ಣು ಬೇಗ ದಣಿಯುವ ಜಾಗ ಅದು, ಹಾಗಾಗಿ ಸರದಿಯ ಮೇಲೆ ಬದಲಿಸಿರಿ.

ಬೆಲ್ಟ್ ನಿಲ್ಲಿಸುವ ಹಗ್ಗ ಸಾಲಿನ ಉದ್ದಕ್ಕೂ ಎಲ್ಲರ ಕೈಗೆ ಎಟುಕಬೇಕು ಮತ್ತು ಪ್ರತಿದಿನ ಕೆಲಸ ಶುರುವಾಗುವ ಮೊದಲು ಅದನ್ನು ಎಳೆದು ಪರೀಕ್ಷಿಸಬೇಕು. ಹಗ್ಗ ಇದ್ದೂ ಯಾರೂ ಎಳೆಯದ ಘಟಕಗಳನ್ನು ನಾನು ನೋಡಿದ್ದೇನೆ. ಬೆಲ್ಟ್ ನಿಲ್ಲಿಸಿದವರನ್ನು ಯಾಕೆ ನಿಲ್ಲಿಸಿದಿರಿ ಎಂದು ಒಮ್ಮೆ ಗದರಿದರೆ ಸಾಕು, ಮುಂದೆ ಯಾರೂ ಅದನ್ನು ಮುಟ್ಟುವುದಿಲ್ಲ. ತೂಕದ ಮೇಲೆ ಕೂಲಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಇದು ಇನ್ನೂ ಕಷ್ಟ, ಏಕೆಂದರೆ ನಿಂತ ಬೆಲ್ಟ್ ಅವರ ಕೂಲಿಯನ್ನೇ ಕಡಿಯುತ್ತದೆ.

ಕೈಗವಸಿಗೆ ಬಂದರೆ, ದಪ್ಪ ರಬ್ಬರಿನ ಬದಲು ಹೆಣಿಗೆಯ ಬಟ್ಟೆಗೆ ಅಂಗೈ ಭಾಗದಲ್ಲಿ ನೈಟ್ರೈಲ್ ಎಂಬ ಕೃತಕ ರಬ್ಬರ್ ಲೇಪಿಸಿರುವುದನ್ನು ಕೊಡಿಸಿರಿ. ಬೆರಳಿಗೆ ಸ್ಪರ್ಶ ತಿಳಿಯುವುದರಿಂದ ಅದನ್ನು ಅವರು ತೆಗೆದಿಡುವುದು ಕಡಿಮೆ. ಆದರೆ ಗಾಜಿನ ಗೀರು ತಡೆಯುವ ಕೈಗವಸು ಸೂಜಿಯನ್ನು ತಡೆಯುವುದಿಲ್ಲ. ಇನ್ಸುಲಿನ್ ಪೆನ್ನಿನ ಸೂಜಿ ಕೂದಲೆಳೆಯಂತಿದ್ದು ಹೆಣಿಗೆಯ ಸಂದಿನಲ್ಲೇ ನುಸುಳುತ್ತದೆ. ಇದನ್ನು ಅವರಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಕೈಗವಸು ಇದೆ ಎಂಬ ಧೈರ್ಯಕ್ಕೆ ಹೆಚ್ಚು ಕೆದಕುತ್ತಾರೆ.

ಉತ್ತರ 2: ಶುಶ್ರೂಷಾಧಿಕಾರಿ, ಧಾರವಾಡ

ಮೇಲಿನವರು ಸೂಜಿ ಚುಚ್ಚದಂತೆ ನೋಡಿಕೊಳ್ಳುವುದನ್ನು ಹೇಳಿದ್ದಾರೆ; ಚುಚ್ಚಿದ ಮೇಲೆ ಏನು ಮಾಡಬೇಕೆಂದು ನಾನು ಹೇಳುತ್ತೇನೆ. ಚುಚ್ಚಿದ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಹಿಂಡಿ ರಕ್ತ ತೆಗೆಯಬಾರದು, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು, ಬ್ಲೀಚಿಂಗ್ ನೀರಿನಿಂದ ಉಜ್ಜಬಾರದು. ನಂತರ ಅದೇ ದಿನ, ಸಾಧ್ಯವಾದರೆ ಎರಡು ಗಂಟೆಯೊಳಗೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಅಥವಾ ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿರಿ. ಎಚ್‌ಐವಿ ತಡೆಯುವ ಔಷಧಿ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಬೇಕೆಂದರೆ ಅದನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಗಂಟೆಗಳು ಕಳೆದಂತೆ ಅದರ ಪ್ರಯೋಜನ ಕಡಿಮೆಯಾಗುತ್ತದೆ, ಹಾಗಾಗಿ "ಸಂಜೆ ಕೆಲಸ ಮುಗಿಸಿ ಹೋದರಾಯಿತು" ಎಂಬುದು ಸರಿಯಲ್ಲ.

ಜನ ಹೆದರುವುದು ಎಚ್‌ಐವಿಗೆ, ಆದರೆ ಹೆಚ್ಚು ಸುಲಭವಾಗಿ ಅಂಟುವುದು ಯಕೃತ್ತಿಗೆ ತಗಲುವ ವೈರಾಣು ಸೋಂಕಾದ ಹೆಪಟೈಟಿಸ್ ಬಿ. ಸೋಂಕಿತರ ರಕ್ತವಿರುವ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ ಆರರಿಂದ ಮೂವತ್ತು. ಈ ವೈರಾಣು ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು, ಎಂದರೆ ಮನೆಯಿಂದ ನಿಮ್ಮ ಬೆಲ್ಟಿಗೆ ಬಂದು ಸೇರುವಷ್ಟು ಕಾಲ. ಇದಕ್ಕೆ ಲಸಿಕೆಯಿದೆ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಕೈಗವಸಿಗೆ ಹಣ ಎತ್ತಿಡುವ ಮೊದಲು ಪ್ರತಿಯೊಬ್ಬರಿಗೂ ಈ ಮೂರೂ ಡೋಸ್ ಮತ್ತು ಟಿಟನಸ್ ಚುಚ್ಚುಮದ್ದು ಹಾಕಿಸಿರಿ. ಮೊದಲ ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಬಾರದವರು ಬಹಳ. ಹಾಜರಿ ಪುಸ್ತಕದಲ್ಲಿಯೇ ಹೆಸರಿನ ಮುಂದೆ ದಿನಾಂಕ ಬರೆದಿಟ್ಟರೆ ತಪ್ಪುವುದಿಲ್ಲ.

ಸೂಜಿ ಹಾಕುವ ಡಬ್ಬ ಗಟ್ಟಿಯಾಗಿ, ಚುಚ್ಚಿದರೆ ತೂತು ಬೀಳದಂತಿರಬೇಕು. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿಬಿಡಿ. ಸಿರಿಂಜಿಗೆ ಮತ್ತೆ ಮುಚ್ಚಳ ಹಾಕುವ ಉಪಕಾರ ಯಾರೂ ಮಾಡಬಾರದು.

ಉತ್ತರ 3: ಮೊಬೈಲ್ ದುರಸ್ತಿ ಅಂಗಡಿ, ಗದಗ

ಉಬ್ಬಿದ ಬ್ಯಾಟರಿಗಳನ್ನು ಉಪ್ಪು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಚಾರ್ಜ್ ಇಳಿದು ಅಪಾಯ ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ. ನೀವೂ ಹಾಗೆ ಮಾಡಬಹುದು.

ಉತ್ತರ 4: ಕಾರ್ಖಾನೆ ಸುರಕ್ಷತಾ ಸಿಬ್ಬಂದಿ, ತಾರಿಹಾಳ

ಅಣ್ಣಾವರೇ, ಘಟಕದಲ್ಲಿ ಅದು ಬೇಡ. ಉಪ್ಪು ನೀರಿನಲ್ಲಿ ತುದಿಗಳು ತುಕ್ಕು ಹಿಡಿದು ಕಳಚಿಕೊಂಡರೆ ಒಳಗೆ ಚಾರ್ಜ್ ಉಳಿದೇ ಇರುತ್ತದೆ. ಮೇಲಾಗಿ ಜಲಜನಕ ಅನಿಲ ಹೊರಡುತ್ತದೆ, ಕಲುಷಿತವಾದ ಆ ನೀರನ್ನು ಎಲ್ಲಿಗೆ ಚೆಲ್ಲಬೇಕೆಂಬ ಪ್ರಶ್ನೆಯೂ ಉಳಿಯುತ್ತದೆ. ಲೀಥಿಯಂ ಬ್ಯಾಟರಿಯನ್ನು ಒತ್ತದೆ, ಚುಚ್ಚದೆ, ಬಗ್ಗಿಸದೆ ಎತ್ತಿ, ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ಲೋಹದ ಡಬ್ಬದಲ್ಲಿ ಒಂದಕ್ಕೊಂದು ತಾಗದಂತೆ ಹುಗಿದಿಡಬೇಕು. ಡಬ್ಬ ಶೆಡ್ಡಿನ ಹೊರಗೆ, ನೆರಳಿನಲ್ಲಿ, ರಟ್ಟು ಮತ್ತು ಪ್ಲಾಸ್ಟಿಕ್ ಬೇಲ್‌ಗಳಿಂದ ದೂರವಿರಲಿ. ಬೆಲ್ಟಿನ ಮೇಲೆಯೇ ಹೊಗೆ ಕಾಣಿಸಿದರೆ ಬೆಲ್ಟ್ ನಿಲ್ಲಿಸಿ ಎಲ್ಲರನ್ನೂ ಗಾಳಿ ಬೀಸಿ ಬರುವ ದಿಕ್ಕಿಗೆ ಕಳುಹಿಸಬೇಕು, ಏಕೆಂದರೆ ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ. ಬೆಂಕಿ ಆರಿದಂತೆ ಕಂಡ ಮೇಲೂ ಅದು ಮತ್ತೆ ಹೊತ್ತಿಕೊಳ್ಳಬಹುದು. ಹೇರಳವಾಗಿ ನೀರು ಹಾಕಿ ತಂಪು ಮಾಡುವ ಕೆಲಸವನ್ನು 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರಿಗೆ ಬಿಡಿ.

ಉತ್ತರ 5: ಕೃಷಿ ಪರಿಕರ ಮಾರಾಟಗಾರರು, ಹಾವೇರಿ ಜಿಲ್ಲೆ

ನಮ್ಮ ಕಡೆ ಹತ್ತಿ ಮತ್ತು ಮೆಣಸಿನಕಾಯಿ ಬೆಳೆಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಖಾಲಿ ಡಬ್ಬಿಗಳು ಬದುವಿನ ಮೇಲೆ, ಕಾಲುವೆಯಲ್ಲಿ, ಕಸದ ಗಾಡಿಯಲ್ಲಿ ಎಲ್ಲೆಂದರಲ್ಲಿ ಕಾಣುತ್ತವೆ. ಡಬ್ಬಿಯ ಲೇಬಲ್ ಮೇಲಿನ ತ್ರಿಕೋನದ ಬಣ್ಣವನ್ನು ನಿಮ್ಮವರಿಗೆ ತೋರಿಸಿ ಕೊಡಿರಿ. ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಓದಲು ಬಾರದವರಿಗೂ ಇದು ತಿಳಿಯುತ್ತದೆ. ಆದರೆ ಹಸಿರು ಕಂಡರೂ ಬರಿಗೈಯಲ್ಲಿ ಮುಟ್ಟಬಾರದು, ಮುಚ್ಚಳ ತೆಗೆದು ಮೂಸಬಾರದು.

ಇವುಗಳಲ್ಲಿ ಹಲವು ಚರ್ಮದ ಮೂಲಕವೇ ಒಳಸೇರುತ್ತವೆ. ಅದಕ್ಕಿಂತ ನನಗೆ ಹೆಚ್ಚು ಆತಂಕದ ವಿಷಯವೆಂದರೆ ಎಲೆ ಅಡಿಕೆ ಮತ್ತು ತಂಬಾಕು. ಕೆಲಸದ ನಡುವೆ ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕಿ ತುಟಿಯೊಳಗೆ ಇಡುವವರು ಡಬ್ಬಿಯಲ್ಲಿದ್ದ ವಿಷವನ್ನೂ ಅದರ ಜೊತೆಗೇ ಇಟ್ಟುಕೊಳ್ಳುತ್ತಾರೆ. ಬೆಲ್ಟಿನ ಹತ್ತಿರವೇ ಒಂದು ನಲ್ಲಿ ಮತ್ತು ಸಾಬೂನು ಇರಬೇಕು. ದೂರವಿದ್ದರೆ ಯಾರೂ ಹೋಗುವುದಿಲ್ಲ. ಯಾರಿಗಾದರೂ ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆಸಿ, 108ಕ್ಕೆ ಕರೆ ಮಾಡಿ, ಡಬ್ಬಿಯ ಲೇಬಲ್ಲನ್ನು ಫೋಟೊ ತೆಗೆದುಕೊಂಡು ಹೋಗಿರಿ. ಪ್ರತಿವಿಷ ಯಾವುದು ಎಂದು ಅದರಲ್ಲಿಯೇ ಮುದ್ರಿಸಿರುತ್ತದೆ.

ಇನ್ನೊಂದು ಮಾತು. ಒಳ್ಳೆಯ ಗಟ್ಟಿ ಡಬ್ಬಿ ಎಂದು ಗುಜರಿಗೆ ಮಾರಬೇಡಿ, ಅದು ಸೀಮೆಎಣ್ಣೆಗೋ ಕುಡಿಯುವ ನೀರಿಗೋ ಬಳಕೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಡ್ರಮ್ಮಿಗೆ ಸುರಿಯುವುದನ್ನು ನಿಲ್ಲಿಸಿ ಅದನ್ನು ಹೊರಗಿನ ನೆರಳಿಗೆ ಸರಿಸಿದ್ದೇವೆ. ಇನ್ನೂ ಎರಡು ಅನುಮಾನಗಳಿವೆ. ಟ್ಯೂಬ್‌ಲೈಟ್ ಒಡೆದಾಗ ಪೊರಕೆಯಿಂದ ಗುಡಿಸಬಹುದೇ? ಹೀಗೆ ಬೇರೆ ತೆಗೆದಿಟ್ಟದ್ದನ್ನೆಲ್ಲ ಕೊನೆಗೆ ಯಾರಿಗೆ ಕೊಡಬೇಕು? ಇದಲ್ಲದೆ, ಒಂದು ಖಾಸಗಿ ಆಸ್ಪತ್ರೆಯದೆಂದು ಕಾಣುವ ಹಳದಿ ಚೀಲವೂ ಒಮ್ಮೆ ಬಂದಿದೆ.

ಉತ್ತರ 6: ಪರಿಸರ ಎಂಜಿನಿಯರ್, ಧಾರವಾಡ

ಪೊರಕೆ ಬೇಡ, ಅದು ಟ್ಯೂಬಿನೊಳಗಿದ್ದ ಪಾದರಸವನ್ನು ಇನ್ನಷ್ಟು ಹರಡುತ್ತದೆ. ಒಂದು ಟ್ಯೂಬಿನಲ್ಲಿರುವುದು ಕೆಲವೇ ಮಿಲಿಗ್ರಾಂ; ತೆರೆದ ಶೆಡ್ಡಿನಲ್ಲಿ ಒಂದು ಒಡೆದರೆ ಗಾಬರಿಪಡಬೇಕಾಗಿಲ್ಲ. ಹತ್ತು ಹದಿನೈದು ನಿಮಿಷ ಎಲ್ಲರನ್ನೂ ಸರಿಸಿ ಗಾಳಿಯಾಡಲು ಬಿಟ್ಟು, ಗಟ್ಟಿ ರಟ್ಟಿನ ತುಂಡಿನಿಂದ ಚೂರುಗಳನ್ನು ಕೂಡಿಸಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿಡಿ. ನಿಜವಾದ ಅಪಾಯವಿರುವುದು ಒಡೆದ ಟ್ಯೂಬುಗಳನ್ನು ಮುಚ್ಚಿದ ಕೋಣೆಯಲ್ಲಿ ರಾಶಿ ಹಾಕುವುದರಲ್ಲಿ. ಬಟ್ಟೆಯ ಮಾಸ್ಕ್ ಅಥವಾ ಎನ್95 ಪಾದರಸದ ಆವಿಯನ್ನು ತಡೆಯುವುದಿಲ್ಲ ಎಂಬುದೂ ತಿಳಿದಿರಲಿ.

ಎಲ್ಲಿಗೆ ಕೊಡಬೇಕು ಎಂಬುದು ವಸ್ತುವಿನ ಮೇಲೆ ನಿಲ್ಲುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ, ಬಳಸಿದ ಬ್ಯಾಟರಿ, ಮನೆಯಲ್ಲಿ ಬಳಸಿದ ಸೂಜಿ ಇವೆಲ್ಲವನ್ನೂ ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಅದನ್ನು ಸಂಗ್ರಹಿಸಲು 20 ಚದರ ಕಿಲೋಮೀಟರಿಗೆ ಒಂದರಂತೆ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಹೊರಿಸಿದವು. ಆದ್ದರಿಂದ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬಾಯಿಮಾತಿನಲ್ಲಿ ಹೇಳುವುದರ ಜೊತೆಗೆ, ಏನು, ಎಷ್ಟು ಕಿಲೋ ಸಂಗ್ರಹವಾಗಿದೆ ಎಂದು ಬರೆದು ಸ್ವೀಕೃತಿ ಪಡೆಯಿರಿ. ಡ್ರಮ್ಮನ್ನೂ ಅದರಲ್ಲಿ ಪ್ರತ್ಯೇಕವಾಗಿ ನಮೂದಿಸಿರಿ. ಬ್ಯಾಟರಿ ಮತ್ತು ಟ್ಯೂಬ್‌ಲೈಟ್‌ಗಳನ್ನು 2022ರ ಬ್ಯಾಟರಿ ಹಾಗೂ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿಗೆ ಕೊಡಬಹುದು. ಅವರ ನೋಂದಣಿ ಪತ್ರದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿರಿ.

ಹಳದಿ ಚೀಲದ ವಿಷಯ ಬೇರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದು ಪಾಲಿಕೆಯ ಕಸದೊಂದಿಗೆ ಬೆರೆಯುವಂತೆಯೇ ಇಲ್ಲ. ಮತ್ತೆ ಬಂದರೆ ಬಿಚ್ಚಬೇಡಿ, ಬೆಲ್ಟಿಗೆ ಹಾಕಬೇಡಿ, ಬಂದ ಗಾಡಿಯಲ್ಲಿಯೇ ವಾಪಸ್ ಕಳುಹಿಸಿಬಿಡಲೂ ಬೇಡಿ. ಹಾಗೆ ಮಾಡಿದರೆ ಅದು ಯಾವುದೋ ರಸ್ತೆ ಬದಿಗೆ ಬೀಳುತ್ತದೆ. ಪ್ರತ್ಯೇಕವಾಗಿ ಇರಿಸಿ, ಚೀಲದ ಮೇಲೆ ಬಾರ್‌ಕೋಡ್ ಇದೆಯೇ ನೋಡಿ ಅದರ ಫೋಟೊ ತೆಗೆಯಿರಿ, ಏಕೆಂದರೆ ಆಸ್ಪತ್ರೆಯಿಂದ ಹೊರಹೋಗುವ ಚೀಲಕ್ಕೆ ಬಾರ್‌ಕೋಡ್ ಕಡ್ಡಾಯ ಮತ್ತು ಅದರಿಂದ ಚೀಲ ಯಾರದೆಂದು ಪತ್ತೆಯಾಗುತ್ತದೆ. ಗಾಡಿಯ ಸಂಖ್ಯೆ, ಬಂದ ವೇಳೆ, ಫೋಟೊ ಇಷ್ಟನ್ನು ಸೇರಿಸಿ ಪಾಲಿಕೆಗೂ, ಧಾರವಾಡದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಅಂದೇ ಬರೆಯಿರಿ. ಅಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮವನ್ನೂ ಪತ್ರದಲ್ಲಿ ಉಲ್ಲೇಖಿಸಿದರೆ, ಬಂದು ಒಯ್ಯುವುದಕ್ಕೆ ಅವರು ತಡಮಾಡುವ ಸಂಭವ ಕಡಿಮೆ.