ಅಪ್‌ಡೇಟ್: ಅಂಟಿಸಿದ ಲೇಖನಗಳು ಕೊನೆಗೂ ಸರಿಯಾಗಿ ಕೂತವು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಸಂಘದ ಹಳೇ ಸ್ಮರಣ ಸಂಚಿಕೆಯ ಲೇಖನಗಳನ್ನು ವರ್ಡ್ ಫೈಲಿನಿಂದ ಕಾಪಿ ಮಾಡಿ ವೆಬ್‌ಸೈಟಿನ ಎಡಿಟರ್‌ಗೆ ಹಾಕಿದರೆ ಶೀರ್ಷಿಕೆ, ದಪ್ಪಕ್ಷರ ಎಲ್ಲ ಮಾಯ, ಕನ್ನಡವೂ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಆಗುತ್ತದೆ ಅಂತ. ಸರಿಹೋಯಿತು.

ಫೈಲು ಹಳೇ ನುಡಿ ಫಾಂಟಿನದು. ಅದರ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಎಡಿಟರ್ ಫಾಂಟನ್ನು ಕಿತ್ತುಹಾಕಿದ ಕೂಡಲೇ ಬಣ್ಣ ಬಯಲು! ನೀವು ಹೇಳಿದಂತೆ ಮೊದಲು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿದೆ. ಆದರೆ ಪರಿವರ್ತಕಕ್ಕೆ ನಿಜವಾದ ಇಂಗ್ಲಿಷ್ ಯಾವುದು ಅಂತ ಗೊತ್ತಾಗಬೇಕಲ್ಲ. ಇಮೇಲ್ ವಿಳಾಸಗಳೆಲ್ಲ ಕನ್ನಡದ ಕಲಸುಮೇಲೋಗರವಾದವು. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪಿತ್ತು. ಕೂತು ಕೈಯಲ್ಲೇ ತಿದ್ದಿದೆ, ಎರಡು ಸಂಜೆ ಹೋಯಿತು.

ಶೀರ್ಷಿಕೆಯ ಕಥೆ ಬೇರೆ. ಟೈಪ್ ಮಾಡಿದವರು ಸುಮ್ನೆ ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಕೊಟ್ಟಿದ್ದರು. ಅದು ಶೀರ್ಷಿಕೆ ಅಂತ ಎಡಿಟರ್‌ಗೆ ಹೇಗೆ ತಿಳಿಯಬೇಕು? ವರ್ಡ್‌ನಲ್ಲೇ ಹೆಡಿಂಗ್ ಸ್ಟೈಲ್ ಕೊಟ್ಟು ಅಂಟಿಸಿದೆ, ನೆಟ್ಟಗೆ ಬಂತು.

ಇನ್ನೊಂದು, ಹೇಳೋಕೆ ನಾಚಿಕೆ. ನಾನು ಅಭ್ಯಾಸಬಲದಿಂದ ಕಂಟ್ರೋಲ್-ಶಿಫ್ಟ್-ವಿ ಒತ್ತುತ್ತಿದ್ದೆ. ಅದು ಬರೀ ಪಠ್ಯ ಅಂಟಿಸೋ ಕೀಲಿ! ದಪ್ಪಕ್ಷರ ಹೋಗಿದ್ದು ಅದರಿಂದಲೇ. ಇಲ್ಲಿ ಉತ್ತರ ಕೊಟ್ಟವರೊಬ್ಬರು ಮೊದಲ ದಿನವೇ ಹೀಗೆ ಒತ್ತುತ್ತಿದ್ದೀರಾ ಅಂತ ಅನುಮಾನಪಟ್ಟಿದ್ದರು, ನಾನೇ ‘ಇಲ್ಲ’ ಅಂದುಬಿಟ್ಟಿದ್ದೆ. ಕ್ಷಮಿಸಿ ಸಾರ್.

ಕೋಷ್ಟಕಗಳ ಅಗಲ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ.